ಕೊಪ್ಪದ ದಾರಿಯಲ್ಲಿ ಮುಮ್ಮೇಳ, ಹಿಮ್ಮೇಳ

ಕೊಪ್ಪ ಎಂದೊಡನೆ ವಾಚಕರಿಗೆ ಮಲೆನಾಡಿನ ಕೊಪ್ಪ ನೆನಪಾಗುವುದು ಸಹಜ. ನಾನು ಹೇಳಹೊರಟಿರುವ ಕೊಪ್ಪ ಬೇರೆ. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಪಿರಿಯಾಪಟ್ಟಣ ತಾಲ್ಲೂಕಿನ ತುತ್ತತುದಿಯಲ್ಲಿ, ಕಾವೇರಿಯ ಸೇತುವೆಗೆ ಇತ್ತಲೇ ನಿಂತಿರುವ ಊರಿದು. ಸೇತುವೆ ದಾಟಿದರೆ ಕುಶಾಲನಗರ. ಒಂದು ಕಾಲದಲ್ಲಿ ಅದನ್ನು ಫ್ರೇಸರ್‌ಪೇಟೆ ಎನ್ನುತ್ತಿದ್ದರು. ಅಲ್ಲಿಗೆ ಮೈಸೂರು ಜಿಲ್ಲೆ ಮುಗಿದು ಕೊಡಗು ತೊಡಗುತ್ತದೆ. ರಜೆ ಬಂದೊಡನೆ ಕೊಡಗಿಗೆ ಹೊರಡುವ ಸಂಸಾರಗಳೆಲ್ಲ ಕೊಪ್ಪವನ್ನು ದಾಟಿಯೇ ಹೋಗಬೇಕು. ಆದರೆ ದಾಟುವವರಷ್ಟು ಜನ ಇಲ್ಲಿ ಇಳಿಯುವುದಿಲ್ಲ. ಕೊಪ್ಪ, ಕೊಪ್ಪಲು ಎಂಬ ಮಾತುಗಳಿಗೆ ಕನ್ನಡದಲ್ಲಿ ಸಣ್ಣ ಹಳ್ಳಿ ಎಂದರ್ಥ. ಮೈಸೂರು ಸೀಮೆಯಲ್ಲಿ ಇಂಥ ಹೆಸರಿನ ಊರುಗಳು ಎಷ್ಟೋ. ಹೆಸರಿನಲ್ಲಿಯೇ ವಿನಯವನ್ನು ಇಟ್ಟುಕೊಂಡ ಊರು ಎನ್ನಬಹುದು.

ಮೈಸೂರಿನಿಂದ ಇಲ್ಲಿಗೆ ಸುಮಾರು ೮೫ ಕಿಲೋಮೀಟರು. ಇಲವಾಲ, ಬಿಳಿಕೆರೆಗಳನ್ನು ಕಳೆದು ಹುಣಸೂರಿನಲ್ಲಿ ಲಕ್ಷ್ಮಣತೀರ್ಥವನ್ನು ದಾಟಿದರೆ ನೆಲದ ಬಣ್ಣವೂ ಗಾಳಿಯ ವಾಸನೆಯೂ ಬೇರೆಯಾಗುತ್ತವೆ. ಹುಣಸೂರು, ಪಿರಿಯಾಪಟ್ಟಣಗಳೆಂದರೆ ಹೊಗೆಸೊಪ್ಪಿನ ಸೀಮೆ. ರಸ್ತೆಯ ಎರಡು ಮಗ್ಗುಲಲ್ಲೂ ಅಗಲ ಎಲೆಯ ವರ್ಜೀನಿಯಾ ಗಿಡಗಳು. ಹೊಲಗಳ ನಡುನಡುವೆ ಸೊಪ್ಪನ್ನು ಹದಗೊಳಿಸುವ ಬ್ಯಾರನ್ನುಗಳು. ಕಿಟಕಿಯಿಲ್ಲದ ಎತ್ತರದ ಮನೆಗಳಂತೆ ನಿಂತಿರುವ ಇವುಗಳೊಳಗೆ ಸೊಪ್ಪು ಬೇಯುವ ಕಾಲದಲ್ಲಿ ಈ ದಾರಿಯಲ್ಲಿ ಹೋದವರು ಆ ಘಾಟು ಬೆರೆತ ವಾಸನೆಯನ್ನು ಮರೆಯಲಾರರು.

ಆ ವಾಸನೆಯೇ ನಮ್ಮ ಮಾತನ್ನು ಶಿಶುನಾಳ ಶರೀಫರ ಕಡೆಗೆ ತಿರುಗಿಸಿತು. ನನ್ನ ಜೊತೆಯಲ್ಲಿದ್ದವರು ನಮ್ಮ ಕಾಲೇಜಿನಲ್ಲಿ ಇತಿಹಾಸ ಹೇಳುವ ಹಿರಿಯ ಮಿತ್ರರು. ಹೊಗೆಸೊಪ್ಪಿನ ಹೊಲಗಳನ್ನು ನೋಡುತ್ತ ನಾನು ಶರೀಫರ ಗುಡುಗುಡಿಯ ಪದವನ್ನು ನೆನೆದೆ. ಜನರ ಕೈಯಲ್ಲಿದ್ದ ಗುಡುಗುಡಿಯನ್ನೇ ಮನುಷ್ಯನ ದೇಹಕ್ಕೂ ಮನಸ್ಸಿಗೂ ರೂಪಕವಾಗಿ ಮಾಡಿಕೊಂಡು, ಚಟದ ಮಾತಿನಲ್ಲಿಯೇ ತತ್ತ್ವವನ್ನು ಹೇಳಿದ ಪದ ಅದು. ಮಿತ್ರರು ನಕ್ಕು, “ಅದನ್ನು ನಿಮ್ಮ ಹುಡುಗರು ಗಿಟಾರು ಬಾರಿಸಿಕೊಂಡು ಕುಣಿಯುತ್ತ ಹಾಡುತ್ತಾರಲ್ಲ ಮೇಷ್ಟ್ರೆ, ಅದನ್ನೂ ನೀವು ಸಾಹಿತ್ಯವೆಂದೇ ಒಪ್ಪುತ್ತೀರೋ?” ಎಂದರು.

ಪ್ರಶ್ನೆ ಲಘುವಾಗಿ ಬಂದರೂ ಲಘುವಾದುದಲ್ಲ. ತರಗತಿಯಲ್ಲಿ ಶರೀಫರ ಹೆಸರೆತ್ತಿದಾಗ ಅರ್ಧಕ್ಕೆ ಅರ್ಧ ವಿದ್ಯಾರ್ಥಿಗಳ ಮುಖ ಅರಳುವುದನ್ನು ನಾನು ಕಂಡಿದ್ದೇನೆ. ಅವರಿಗೆ ಶರೀಫರು ಪರಿಚಯವಾದದ್ದು ಪಠ್ಯಪುಸ್ತಕದಿಂದಲ್ಲ, ರಘು ದೀಕ್ಷಿತ್ ಎಂಬ ಗಾಯಕನ ಕಂಠದಿಂದ.

ರಾಕ್ ಸಂಗೀತವೆಂದರೆ ಏನೆಂಬುದನ್ನು ಮನೆಯ ಹಿರಿಯರಿಗಾಗಿ ಎರಡು ಮಾತಿನಲ್ಲಿ ಹೇಳಬೇಕು. ೧೯೫೦ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿ ಜಗತ್ತನ್ನೆಲ್ಲ ಆವರಿಸಿದ, ವಿದ್ಯುತ್ ಗಿಟಾರು ಮತ್ತು ಡ್ರಮ್ಮುಗಳ ಸಂಗೀತ ಅದು. ಅದು ದೊಡ್ಡ ವ್ಯಾಪಾರವಾಗಿ ಬೆಳೆದ ಮೇಲೆ, ದೊಡ್ಡ ಕಂಪನಿಗಳ ಅಚ್ಚಿಗೆ ಒಗ್ಗದೆ ತಮ್ಮದೇ ದಾರಿ ಹಿಡಿದವರ ಸಂಗೀತಕ್ಕೆ ಪರ್ಯಾಯ ರಾಕ್ ಎಂಬ ಹೆಸರು ಬಂತು. ನಮ್ಮ ದೇಶದಲ್ಲಿ ಹಾಡಿನ ಹೆದ್ದಾರಿ ಎಂದರೆ ಸಿನಿಮಾ. ಆದುದರಿಂದ ಸಿನಿಮಾದ ಹೊರಗೆ ನಿಂತು, ತಾನೇ ಕಟ್ಟಿದ ಹಾಡನ್ನು ತನ್ನ ತಂಡದೊಡನೆ ಹಾಡುವವನು ಇಲ್ಲಿ ತಾನಾಗಿಯೇ ಪರ್ಯಾಯದವನಾಗುತ್ತಾನೆ. ರಘು ದೀಕ್ಷಿತರದು ಜಾನಪದವನ್ನು ಬೆರೆಸಿಕೊಂಡ ರಾಕ್ ಎಂದು ಬಲ್ಲವರು ಹೇಳುತ್ತಾರೆ.

ಅವರು ಹುಟ್ಟಿದ್ದು ೧೯೭೪ರಲ್ಲಿ, ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಬಾಲ್ಯದಲ್ಲಿ ಕಲಿತದ್ದು ಭರತನಾಟ್ಯ. ಕಾಲೇಜಿನಲ್ಲಿ ಓದಿದ್ದು ವಿಜ್ಞಾನ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನು ಚಿನ್ನದ ಪದಕದೊಡನೆ ಪಡೆದರು. ಗಂಡುಹುಡುಗ ಭರತನಾಟ್ಯ ಕಲಿಯುವುದೇನೆಂದು ಗೆಳೆಯನೊಬ್ಬ ಕೆಣಕಿದಾಗ ಹುಟ್ಟಿದ ಛಲದಿಂದ ಗಿಟಾರು ಹಿಡಿದೆನೆಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಬೆಲ್ಜಿಯಂ ದೇಶದಲ್ಲಿ ಕೆಲಸ ಸಿಕ್ಕಿತು. ಮಧ್ಯಮ ವರ್ಗದ ಯಾವ ತಂದೆತಾಯಿಗಳಾದರೂ ಇದಕ್ಕಿಂತ ಹೆಚ್ಚನ್ನು ಬಯಸುವುದುಂಟೆ? ಆದರೆ ಆತ ಅದನ್ನು ಬಿಟ್ಟು ಬೆಂಗಳೂರಿಗೆ ಹಿಂದಿರುಗಿ ಸಂಗೀತವನ್ನೇ ನೆಚ್ಚಿ ಕುಳಿತರು. ೧೯೯೦ರ ದಶಕದ ಕೊನೆಯಲ್ಲಿ ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು. ಆ ತಂಡ ಚೆದುರಿದ ಮೇಲೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಹೆಸರಿಟ್ಟುಕೊಂಡು, ಬರುವ ಹೋಗುವ ಕಲಾವಿದರಿಗೆ ಬಾಗಿಲು ತೆರೆದಿಟ್ಟರು. ಹಲವು ವರ್ಷ ಯಾವ ಧ್ವನಿಮುದ್ರಣ ಕಂಪನಿಯೂ ಇವರ ಹಾಡನ್ನು ಬಯಸಲಿಲ್ಲ. ಕಡೆಗೆ ಮುಂಬಯಿಯ ಚಲನಚಿತ್ರ ಸಂಗೀತಗಾರರಾದ ವಿಶಾಲ್–ಶೇಖರ್ ಜೋಡಿ ಕೇಳಿ ಮೆಚ್ಚಿ, ೨೦೦೮ರಲ್ಲಿ ಮೊದಲ ಧ್ವನಿಸಂಪುಟವನ್ನು ಹೊರತಂದರು. ಅದರಲ್ಲಿ ಹಿಂದಿ ಹಾಡುಗಳಿದ್ದವು, ಇಂಗ್ಲಿಷ್ ಹಾಡಿತ್ತು. ಅವುಗಳ ನಡುವೆ ಶರೀಫರ ಗುಡುಗುಡಿಯ ಪದವೂ ಇತ್ತು.

ಅಲ್ಲಿಂದ ಮುಂದಿನದು ವೇಗದ ನಡೆ. ೨೦೧೦ರಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ. ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಹೆಸರಾಂತ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದರು. ೨೦೧೧ರಲ್ಲಿ ಗ್ಲ್ಯಾಸ್ಟನ್‌ಬರಿಯ ಮಹಾಮೇಳದಲ್ಲಿ ಹಾಡಿದರು. ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆ ಇವರನ್ನು ಹೊಸಬರಲ್ಲಿ ಶ್ರೇಷ್ಠರೆಂದು ಗೌರವಿಸಿತು. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರು ನೇತುಹಾಕಿಕೊಂಡ ಮೈಸೂರಿನವನು ಕನ್ನಡದ ಅಕ್ಷರವೇ ಅರಿಯದ ಜನರನ್ನು ಶರೀಫರ ಪದಕ್ಕೆ ಕುಣಿಸಿದ್ದನ್ನು ನೆನೆದರೆ ಅಭಿಮಾನವಾಗುವುದು ತಪ್ಪಲ್ಲ.

ಆದರೆ ಮಿತ್ರರ ಪ್ರಶ್ನೆ ಹಾಗೆಯೇ ಉಳಿಯಿತು. ನಾನು ಅವರಿಗೆ ಹೇಳಿದ್ದು ಇಷ್ಟು. ಶರೀಫರು ಹುಟ್ಟಿದ್ದು ೧೮೧೯ರಲ್ಲಿ, ತೀರಿಕೊಂಡದ್ದು ೧೮೮೯ರಲ್ಲಿ. ಅವರು ಅಚ್ಚಿಗೆಂದು ಬರೆದವರಲ್ಲ. ಮುಸಲ್ಮಾನ ಮನೆಯಲ್ಲಿ ಹುಟ್ಟಿ, ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವನ್ನು ಹಿಡಿದು, ಹಾದಿಬೀದಿಯಲ್ಲಿ ಕಂಡದ್ದನ್ನು ಪದ ಮಾಡಿದರು. ಆ ಪದಗಳನ್ನು ಕಾಪಾಡಿದವರು ಹಳ್ಳಿಯ ಭಜನೆಯ ಮೇಳಗಳವರು. ಅವರ ಬಾಯಿಂದ ಅವು ಪುಸ್ತಕಕ್ಕೆ ಬಂದವು. ಸಿ. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣನವರ ಕಂಠದಿಂದ ಕ್ಯಾಸೆಟ್ಟಿಗೆ ಬಂದು ಮನೆಮನೆಯನ್ನು ಮುಟ್ಟಿದವು. ೧೯೯೦ರಲ್ಲಿ ಟಿ. ಎಸ್. ನಾಗಾಭರಣರು ಶರೀಫರ ಬಾಳನ್ನು ಚಲನಚಿತ್ರವಾಗಿಸಿದಾಗ ಅದಕ್ಕೆ ಸಂಗೀತ ನೀಡಿದವರೂ ಅಶ್ವತ್ಥರೇ. ಶರೀಫರ ಕಿವಿಗೆ ಬಿದ್ದಿರದ ವಾದ್ಯಗಳು ಅಲ್ಲಿಯೂ ಇದ್ದವು. ೨೦೦೯ರಲ್ಲಿ ಅಶ್ವತ್ಥರು ಕಾಲವಾಗುವ ಹೊತ್ತಿಗೆ ಗಿಟಾರಿನವರು ಆ ಪದಗಳನ್ನು ಆಗಲೇ ಎತ್ತಿಕೊಂಡಿದ್ದರು. ಪ್ರತಿಯೊಂದು ತಲೆಮಾರೂ ತನ್ನ ಕೈಗೆಟುಕಿದ ವಾದ್ಯದಲ್ಲಿ ಹಳೆಯ ಪದವನ್ನು ನುಡಿಸಿದೆ. ಹಾಡು ಬದುಕುವ ಬಗೆಯೇ ಅದು. ತಂತಿ ಏಕತಾರಿಯದೋ ಗಿಟಾರಿನದೋ ಎಂಬುದು ದೊಡ್ಡ ಪ್ರಶ್ನೆಯಲ್ಲ.

ಹಾಗಾದರೆ ದೊಡ್ಡ ಪ್ರಶ್ನೆ ಯಾವುದು? ಅದು ನನಗೆ ತಿಳಿದದ್ದು ಕೊಪ್ಪದಲ್ಲಿ ಇಳಿದ ಮೇಲೆ.

ಕೊಪ್ಪದ ಸರ್ಕಲ್ಲಿನಲ್ಲಿ ನಿಂತವನಿಗೆ ಮೊದಲು ಕಾಣುವುದು ಜನರ ವೈವಿಧ್ಯ. ಕಡುಗೆಂಪು ನಿಲುವಂಗಿಯ ಟಿಬೆಟನ್ ಭಿಕ್ಷುಗಳು, ಹೊಗೆಸೊಪ್ಪಿನ ರೈತರು, ಕೊಡಗಿನ ತೋಟದ ಕೆಲಸಕ್ಕೆ ಹೋಗಿಬರುವವರು, ಕ್ಯಾಮರಾ ಹಿಡಿದ ಯಾತ್ರಿಕರು, ಇವರನ್ನೆಲ್ಲ ಕೂಗಿ ಕರೆಯುವ ಆಟೋದವರು. ಬೈಲುಕುಪ್ಪೆಯ ಟಿಬೆಟನ್ ಕ್ಯಾಂಪುಗಳಿಗೂ ಚಿನ್ನದ ದೇವಾಲಯವೆಂದು ಹೆಸರಾದ ನಾಮ್‌ಡ್ರೋಲಿಂಗ್ ವಿಹಾರಕ್ಕೂ ಇಲ್ಲಿಂದಲೇ ದಾರಿ ಒಡೆಯುತ್ತದೆ. ನಾವು ಒಂದು ಚಹಾದ ಅಂಗಡಿಯ ಬೆಂಚಿನಲ್ಲಿ ಕುಳಿತೆವು. ಎದುರಿಗೆ ನಿಂತ ಆಟೋದಿಂದ ಹಾಡು ಕೇಳಿಬರುತ್ತಿತ್ತು. ಅದು ‘ಸೈಕೋ’ ಎಂಬ ಕನ್ನಡ ಚಲನಚಿತ್ರಕ್ಕಾಗಿ ರಘು ದೀಕ್ಷಿತರು ೨೦೦೮ರಲ್ಲಿ ಮಾಡಿದ ಮಹದೇಶ್ವರನ ಹಾಡು. ಹೆದ್ದಾರಿಯ ಹೊರಗೆ ನಿಂತವನನ್ನು ಹಳ್ಳಿಗೆ ಮುಟ್ಟಿಸಿದ್ದು ಮತ್ತೆ ಆ ಹೆದ್ದಾರಿಯೇ ಎಂಬುದು ವಿನೋದವಾದರೂ ನಿಜ. ೨೦೧೦ರ ‘ಜಸ್ಟ್ ಮಾತ್ ಮಾತಲ್ಲಿ’, ೨೦೨೦ರ ‘ಲವ್ ಮಾಕ್ಟೇಲ್’ ಚಿತ್ರಗಳ ಸಂಗೀತವೂ ಇವರದೇ.

ಮಿತ್ರರು ಅಂಗಡಿಯ ಯಜಮಾನನನ್ನು, “ಈ ಹಾಡು ಯಾರು ಹೇಳಿದ್ದು ಗೊತ್ತೇನಪ್ಪ?” ಎಂದು ಕೇಳಿದರು. ಅರವತ್ತು ದಾಟಿದ ಆತ ಚಹಾ ಸೋಸುತ್ತಲೇ, “ಯಾರ್ ಹೇಳುದ್ರೇನ್ ಸಾ, ಮಾದಪ್ಪನ ಪದ ತಾನೆ” ಎಂದ. ಒಂದು ಕ್ಷಣ ತಡೆದು, “ನಮ್ಮಪ್ಪ ದೇವರಗುಡ್ಡ ಆಗಿದ್ರು. ರಾತ್ರಿಯೆಲ್ಲ ಹೇಳೋರು. ಕಂಸಾಳೆ ಮನೇಲೇ ಐತೆ. ನಾನು ಕಲೀನಿಲ್ಲ, ನನ್ ಮಗಂಗೆ ಅದು ಏನು ಅಂತ್ಲೇ ಗೊತ್ತಿಲ್ಲ. ಈ ಹಾಡು ಬಂದಾಗ ಮಾತ್ರ ಜೋರಾಗಿ ಹಾಕ್ಕತಾನೆ” ಎಂದ.

ಈ ಮಾತಿನಲ್ಲಿ ಗಾಯಕನೊಬ್ಬನಿಗೆ ಸಿಗಬಹುದಾದ ಅತ್ಯಂತ ದೊಡ್ಡ ಬಿರುದೂ ಇದೆ, ನಮ್ಮೆಲ್ಲರ ಮೇಲೆ ಒಂದು ಆಪಾದನೆಯೂ ಇದೆ. ಹಾಡಿದವನ ಹೆಸರು ಮರೆತು ಹಾಡು ಮಾತ್ರ ದೇವರದಾಗಿ ಉಳಿದರೆ, ಅದು ಜನಪದಕ್ಕೆ ಸಂದಿತು ಎಂದರ್ಥ. ಲಂಡನ್ನಿನ ಪ್ರಶಸ್ತಿಗಿಂತ ಇದು ಮಿಗಿಲು. ಆದರೆ ಅದೇ ಮನೆಯಲ್ಲಿ ಕಂಸಾಳೆ ಗೂಟಕ್ಕೆ ತೂಗಿಕೊಂಡು ಮೌನವಾಗಿದೆ.

ಕಂಸಾಳೆ ಎಂದರೆ ಕಂಚಿನ ಜೋಡಿ ತಾಳ. ಒಂದು ಬಟ್ಟಲಿನಂತೆ ಎಡಗೈಯಲ್ಲಿ ಕೂರುತ್ತದೆ. ಇನ್ನೊಂದು ಚಪ್ಪಟೆಯಾಗಿ, ದಾರಕ್ಕೆ ಕಟ್ಟಿಕೊಂಡು ಬಲಗೈಯಲ್ಲಿ ಆಡುತ್ತದೆ. ಮಲೆ ಮಹದೇಶ್ವರನ ಹೆಸರಿನಲ್ಲಿ ದೀಕ್ಷೆ ಪಡೆದ ದೇವರಗುಡ್ಡರು ಇದನ್ನು ಬಡಿಯುತ್ತ ರಾತ್ರಿಯಿಡೀ ಮಾದೇಶ್ವರನ ಕಥೆಯನ್ನು ಹಾಡುತ್ತಾರೆ. ಈ ಕಾವ್ಯವನ್ನು ಡಾ. ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿ ೧೯೭೩ರಲ್ಲಿ ಪ್ರಕಟಿಸಿದಾಗ, ಅಕ್ಷರವರಿಯದ ಜನ ಇಷ್ಟು ದೊಡ್ಡ ಕಾವ್ಯವನ್ನು ನೆನಪಿನಲ್ಲಿಟ್ಟುಕೊಂಡಿದ್ದಾರೆಯೇ ಎಂದು ಅಚ್ಚರಿಪಡುವಂತಾಯಿತು. ಹಾಗೆಯೇ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಾವ್ಯವನ್ನು ಹಾಡುವ ನೀಲಗಾರರಿದ್ದಾರೆ. ಅವರ ಕೈಯಲ್ಲಿ ತಂಬೂರಿ, ಗಗ್ಗರ. ಈ ಮೇಳಗಳಲ್ಲೆಲ್ಲ ಒಬ್ಬ ಮುಂದೆ ಕುಳಿತು ಕಥೆಯನ್ನು ಎತ್ತಿಕೊಡುತ್ತಾನೆ, ಅವನು ಮುಮ್ಮೇಳ. ಅವನ ಬೆನ್ನಿಗೆ ಕುಳಿತವರು ಸೊಲ್ಲನ್ನು ಹಿಡಿದು ತಿರುಗಿ ಹೇಳುತ್ತಾರೆ, ಅವರು ಹಿಮ್ಮೇಳ. ಬೆಳಗಿನ ಜಾವದವರೆಗೆ ಮುಮ್ಮೇಳದವನ ಕಂಠ ನಿಲ್ಲುವುದು ಹಿಮ್ಮೇಳದವರು ಅವನಿಗೆ ಉಸಿರೆಳೆದುಕೊಳ್ಳಲು ಎಡೆ ಮಾಡಿಕೊಡುವುದರಿಂದ.

ರಾಕ್ ತಂಡದ ನಾಯಕಗಾಯಕನಿಗೆ ನಮ್ಮಲ್ಲಿ ಹೊಸ ಪದವನ್ನು ಟಂಕಿಸಬೇಕಾಗಿಲ್ಲ. ಅವನೇ ಮುಮ್ಮೇಳದವನು. ದೀಪ ಬೀಳುವುದು ಅವನ ಮೇಲೆ, ಹೆಸರು ಉಳಿಯುವುದು ಅವನದು. ರಘು ದೀಕ್ಷಿತರ ಹಿಂದೆ ಗಿಟಾರಿನವರೂ ಪಿಟೀಲಿನವರೂ ಡ್ರಮ್ಮಿನವರೂ ಇದ್ದಾರೆ. ಅವರ ಹಿಂದೆ, ಬೆಳಕು ತಲುಪದ ಕಡೆಯಲ್ಲಿ, ಶರೀಫರ ಪದವನ್ನು ನೂರು ವರ್ಷ ಹೊತ್ತು ತಂದ ಭಜನೆಯವರೂ ಮಾದಪ್ಪನ ಗುಡ್ಡರೂ ಕುಳಿತಿದ್ದಾರೆ. ಆ ಹಿಮ್ಮೇಳಕ್ಕೆ ಸಲ್ಲಬೇಕಾದುದು ಸಲ್ಲುತ್ತಿದೆಯೇ? ಮಿತ್ರರ ಪ್ರಶ್ನೆಗಿಂತ ದೊಡ್ಡ ಪ್ರಶ್ನೆ ಇದು. ಇದನ್ನು ಗಾಯಕನೊಬ್ಬನ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಕೇಳುವವರಿಗೂ ಇದು ಸೇರಿದ್ದು.

ರಘು ದೀಕ್ಷಿತರಿಗೆ ಹಿಮ್ಮೇಳದ ಅರಿವಿಲ್ಲವೆಂದು ಹೇಳಲಾಗದು. ೨೦೨೩ರಲ್ಲಿ ತೆರೆಕಂಡ ‘ಆರ್ಕೆಸ್ಟ್ರಾ, ಮೈಸೂರು’ ಎಂಬ ಚಿತ್ರಕ್ಕೆ ಅವರು ಸಂಗೀತ ನೀಡಿದರು. ಗಣೇಶನ ಪೆಂಡಾಲಿನಲ್ಲಿ, ಮದುವೆಯ ಮನೆಯಲ್ಲಿ, ಬೇರೆಯವರ ಹಾಡನ್ನು ಬೇರೆಯವರ ಕಂಠದಂತೆಯೇ ಹಾಡಿ ಜೀವನ ಸವೆಸಿದ ಮೈಸೂರಿನ ವಾದ್ಯವೃಂದದವರ ಲೋಕವೇ ಅದರ ವಸ್ತು. ತನ್ನ ಊರಿನ ಹೆಸರಿಲ್ಲದ ಹಾಡುಗಾರರಿಗೆ ಸಲ್ಲಿಸಿದ ನಮಸ್ಕಾರವೆಂದು ನಾನು ಅದನ್ನು ಭಾವಿಸುತ್ತೇನೆ.

ಕೀರ್ತಿಯ ಕಥೆ ಹೇಳುವಾಗ ಕಹಿಯಾದುದನ್ನು ಬಿಡುವುದು ಸರಿಯಲ್ಲ. ೨೦೧೮ರಲ್ಲಿ, ಅವರು ಅನುಚಿತವಾಗಿ ನಡೆದುಕೊಂಡರೆಂಬ ಮಹಿಳೆಯರ ದೂರು ಬಹಿರಂಗವಾಯಿತು; ಅವರು ಬಹಿರಂಗವಾಗಿಯೇ ಕ್ಷಮೆ ಕೇಳಿದರು. ಮುಮ್ಮೇಳದ ಮೇಲೆ ಬೀಳುವ ದೀಪ ಗುಣವನ್ನು ತೋರುವಂತೆ ದೋಷವನ್ನೂ ತೋರುತ್ತದೆ. ಹಾಡಿನ ಹಿರಿಮೆಯಿಂದ ಹಾಡುವವನ ನಡತೆಗೆ ವಿನಾಯಿತಿ ದೊರೆಯದು; ನಡತೆಯ ಲೋಪದಿಂದ ಶರೀಫರ ಪದ ಕಿರಿದಾಗದು. ಎರಡನ್ನೂ ಬೇರೆಬೇರೆಯಾಗಿ ತೂಗುವ ವಿವೇಕ ನಮ್ಮ ಮಕ್ಕಳಿಗೆ ಬರಬೇಕು.

ಮಧ್ಯಾಹ್ನ ನಾವು ವಿಹಾರದ ಕಡೆಗೆ ಹೋದೆವು. ಜೋಳದ ಹೊಲಗಳ ನಡುವೆ ದಾರಿ. ತಮ್ಮ ನಾಡನ್ನು ಕಳೆದುಕೊಂಡು ಬಂದ ಟಿಬೆಟನ್ನರಿಗೆ ೧೯೬೦–೬೧ರ ಸುಮಾರಿನಲ್ಲಿ ಅಂದಿನ ಮೈಸೂರು ಸರ್ಕಾರ ಇಲ್ಲಿ ಸುಮಾರು ೩,೦೦೦ ಎಕರೆ ನೆಲವನ್ನು ಬಿಟ್ಟುಕೊಟ್ಟಿತು. ಕಾಡು ಕಡಿದು ಹೊಲ ಮಾಡಿದವರು ಅವರು. ೧೯೬೩ರಲ್ಲಿ ಪೆನೋರ್ ರಿನ್‌ಪೋಚೆಯವರು ನಾಮ್‌ಡ್ರೋಲಿಂಗ್ ವಿಹಾರವನ್ನು ಆರಂಭಿಸಿದರು. ಪ್ರಾರ್ಥನೆಯ ಹೊತ್ತಿಗೆ ಉದ್ದನೆಯ ಕಹಳೆಗಳು ಮೊಳಗುತ್ತವೆ, ನಗಾರಿ ಗುಡುಗುತ್ತದೆ, ನೂರಾರು ಕಂಠಗಳು ಒಂದೇ ಮಂದ್ರಸ್ವರದಲ್ಲಿ ನಿಲ್ಲುತ್ತವೆ. ಅಲ್ಲಿ ಮುಮ್ಮೇಳವನ್ನೂ ಹಿಮ್ಮೇಳವನ್ನೂ ಬೇರ್ಪಡಿಸುವುದು ಕಷ್ಟ.

ಈ ಜನ ೧೯೫೯ರಲ್ಲಿ ಭಾರತಕ್ಕೆ ಬಂದರು. ಅದೇ ವರ್ಷ ತಮ್ಮ ಹಾಡು, ಕುಣಿತ, ನಾಟಕಗಳನ್ನು ಕಲಿಸುವ ಸಂಸ್ಥೆಯೊಂದನ್ನು ಕಟ್ಟಿಕೊಂಡರು. ತಲೆಯ ಮೇಲೆ ಸೂರಿಲ್ಲದ ಹೊತ್ತಿನಲ್ಲಿ ಹಾಡಿಗೊಂದು ಶಾಲೆ! ಕಳೆದುಹೋದೀತೆಂಬ ಭಯ ಇದ್ದುದರಿಂದ ಅವರು ಉಳಿಸಿಕೊಂಡರು. ನಮಗೆ ಆ ಭಯವಿಲ್ಲ. ನೆಲ ನಮ್ಮದೇ, ನದಿ ನಮ್ಮದೇ, ಮಾದಪ್ಪನೂ ಇಲ್ಲಿಯೇ ಇದ್ದಾನೆ ಎಂಬ ನೆಮ್ಮದಿಯಲ್ಲಿ ಕಂಸಾಳೆಯನ್ನು ಗೂಟಕ್ಕೆ ತೂಗುಹಾಕಿದ್ದೇವೆ. ಇತಿಹಾಸದ ಮಿತ್ರರು ಇದಕ್ಕೆ ಉತ್ತರ ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

ಸಂಜೆಗೆ ಸೇತುವೆಯ ಮೇಲೆ ನಿಂತೆವು. ಕಾವೇರಿ ಇಲ್ಲಿ ಇನ್ನೂ ಎಳೆಯ ಹೊಳೆ. ಇಲ್ಲಿಂದ ರಾಮನಾಥಪುರಕ್ಕೆ ಹೋಗುತ್ತಾಳೆ, ಚುಂಚನಕಟ್ಟೆಯಲ್ಲಿ ಧುಮುಕುತ್ತಾಳೆ, ಕೃಷ್ಣರಾಜಸಾಗರದಲ್ಲಿ ವಿಶ್ರಮಿಸುತ್ತಾಳೆ. ರಘು ದೀಕ್ಷಿತರ ತಮ್ಮ ವಾಸು ದೀಕ್ಷಿತರೂ ಹಾಡುಗಾರರೇ. ಅವರು ‘ಸ್ವರಾತ್ಮ’ ಎಂಬ ತಂಡದ ಮುಮ್ಮೇಳ. ಈ ನದಿಯ ನೀರಿಗಾಗಿ ನಡೆಯುವ ಜಗಳವನ್ನು ಕುರಿತು ಆ ತಂಡ ಒಂದು ಹಾಡನ್ನೇ ಕಟ್ಟಿದೆ. ಇದೇ ಹೊಳೆಯ ದಂಡೆಯಲ್ಲಿ, ಕೃಷ್ಣರಾಜನಗರದ ಕಡೆಯ ಕಪ್ಪಡಿಯಲ್ಲಿ ರಾಚಪ್ಪಾಜಿಯ ಗದ್ದುಗೆಯಿದೆ. ಶಿವರಾತ್ರಿಯಿಂದ ಯುಗಾದಿಯ ಸುಮಾರಿನವರೆಗೆ ಅಲ್ಲಿ ಜಾತ್ರೆ. ನೀಲಗಾರರು ತಂಬೂರಿ ಹಿಡಿದು ಬರುತ್ತಾರೆ. ಗಿಟಾರಿನ ಹಾಡೂ ತಂಬೂರಿಯ ಹಾಡೂ ಒಂದೇ ನೀರನ್ನು ಕುಡಿದು ಬೆಳೆದವು ಎಂಬುದು ಸೇತುವೆಯ ಮೇಲೆ ನಿಂತವನಿಗೆ ಹೊಳೆಯದೆ ಇರದು.

ರಘು ದೀಕ್ಷಿತರಿಂದ ನಮಗೆ ಏನು ಉಳಿದೀತು ಎಂದು ಕೇಳಿದರೆ, ಪ್ರಶಸ್ತಿಗಳ ಪಟ್ಟಿಯನ್ನು ನಾನು ಮುಂದಿಡುವುದಿಲ್ಲ. ಕನ್ನಡದಲ್ಲಿ ಹಾಡುವುದು ಹಳಬರ ಕೆಲಸವೆಂದು ತಿಳಿದಿದ್ದ ಪಟ್ಟಣದ ಹುಡುಗರಿಗೆ, ಅದು ತಮ್ಮದೂ ಹೌದೆಂಬ ಧೈರ್ಯವನ್ನು ಅವರು ಕೊಟ್ಟರು. ಇಂಗ್ಲಿಷ್ ಶಾಲೆಯಲ್ಲಿ ಓದಿದ ಮಗು ಶರೀಫರ ಪದವನ್ನು ಗುನುಗುವಂತಾಯಿತು. ಇದು ಸಣ್ಣ ಕೆಲಸವಲ್ಲ. ಕನ್ನಡ ಅಧ್ಯಾಪಕರಾದ ನಮ್ಮಲ್ಲಿ ಹಲವರಿಂದ ಆಗದ ಕೆಲಸ. ಬಾಗಿಲನ್ನು ಅವರು ತೆರೆದರು. ಒಳಗೆ ಹೋಗಿ ನೋಡುವ ಕೆಲಸ ಕೇಳುವವರದು.

ಆದುದರಿಂದ ಮುಂದಿನ ರಜೆಯಲ್ಲಿ ಕೊಡಗಿಗೆ ಹೊರಟ ವಾಚಕರು ಕೊಪ್ಪದಲ್ಲಿ ಅರ್ಧ ಗಂಟೆ ಇಳಿಯಲಿ. ಚಹಾ ಚೆನ್ನಾಗಿರುತ್ತದೆ. ಶಿವರಾತ್ರಿಯ ಮೇಲೆ ಬಿಡುವಾದರೆ, ಮಕ್ಕಳನ್ನು ಕರೆದುಕೊಂಡು ಕಪ್ಪಡಿಗೂ ಹೋಗಿಬರಲಿ. ಅಲ್ಲಿ ತಂಬೂರಿಯವನ ಬೆನ್ನಿಗೆ ಕುಳಿತು ಸೊಲ್ಲು ಹಿಡಿಯುವವರನ್ನು ಮಕ್ಕಳಿಗೆ ತೋರಿಸಿ, ಅವರ ಹೆಸರು, ಊರು ಕೇಳಿಸಿ. ಹಾಡು ಮುಗಿದ ಮೇಲೆ ಕಾಣಿಕೆಯನ್ನು ಮಕ್ಕಳ ಕೈಯಿಂದಲೇ ಕೊಡಿಸಿ.